ಕೈಯಿಂದ ಬಿಡಿಸಿದ ದೆವ್ವದ ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ ನವನಗರದ ಒಂದು ಬಾಡಿಗೆ ಕೋಣೆಯಲ್ಲಿ ಕೂತು ನಾವು ಮೂವರು ಎಂಟು ನಿಮಿಷದ ದೆವ್ವದ ಸಿನಿಮಾ ಮಾಡಿದೆವು. ಕ್ಯಾಮೆರಾ ಮುಂದೆ ಯಾರೂ ನಿಂತಿಲ್ಲ. ಪೂರ್ತಿ ಕಾಗದ, ಪೆನ್ಸಿಲು, ಇದ್ದಿಲು. ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಜೊತೆಗೆ ಹಲಗಿ ಬಾರಿಸುವ ಒಬ್ಬ ಗೆಳೆಯ, ಕಂಪ್ಯೂಟರ್ ಬಲ್ಲ ಒಬ್ಬ ಹಳೇ ವಿದ್ಯಾರ್ಥಿನಿ. ಸಿನಿಮಾ ತೋರಿಸಿದ ಕಡೆಯೆಲ್ಲ, ಆಮೇಲೆ ಚಾದಂಗಡಿಯಲ್ಲಿ, ಫೋನಿನಲ್ಲಿ, ಎರಡು ಸಲ ಅಂಚೆಯಲ್ಲೂ ಅವವೇ ಪ್ರಶ್ನೆಗಳು ಬರುತ್ತಿವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಬರೆದಿಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆಡಿಸುವವು ಆಮೇಲೆ.

## ಶುರುವಿನವು

ಅಂದ್ರ ಇದು ಕಾರ್ಟೂನ್ ಹೌದಿಲ್ರಿ? ಕಾರ್ಟೂನ್ ನೋಡಿ ಯಾರರ ಅಂಜ್ತಾರೇನು?

ಅಂಜುತ್ತಾರೆ. ತೊಗಲುಗೊಂಬೆ ಆಟದಲ್ಲಿ ರಾವಣ ಪರದೆಯ ಮೇಲೆ ಬಂದಾಗ ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅದು ಬಣ್ಣ ಹಚ್ಚಿದ ಚರ್ಮ, ಹಿಂದೊಂದು ದೀಪ, ಅಷ್ಟೇ. ನಟ ದೆವ್ವದ ವೇಷ ಹಾಕಿ ಬಂದರೆ ನೋಡುವವರ ಮನಸ್ಸು ತಟ್ಟನೆ ಮೇಕಪ್ಪು ಹುಡುಕುತ್ತದೆ, ವಿಗ್ ಎಲ್ಲಿ ಅಂಟಿಸಿದ್ದಾರೆ ಅಂತ ನೋಡುತ್ತದೆ. ಚಿತ್ರದಲ್ಲಿ ಹಾಗೆ ಹುಡುಕಲು ಹಿಂದೆ ಮನುಷ್ಯನೇ ಇಲ್ಲ. ಗೋಡೆ, ಬಿಂದಿಗೆ, ಕಥೆಯ ಆಯಿ (ಅಜ್ಜಿ) ಎಲ್ಲ ಕಾಗದದ ಮೇಲಿನ ಗೆರೆಯಿಂದಲೇ ಬಂದವು. ಬಿಂದಿಗೆಯನ್ನು ನಂಬಿದವರು ದೆವ್ವವನ್ನೂ ನಂಬಲೇಬೇಕಾಗುತ್ತದೆ.

ಕಥಿ ಏನ್ರಿ? ಖರೇನ ನಡದದ್ದೇನು?

ಕಥೆ ಕಟ್ಟಿದ್ದು, ಜಾಗ ಖರೇ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಹಳೇ ಬಾಗಲಕೋಟೆಯ ಒಂದು ಭಾಗವನ್ನು ನುಂಗಿತು. ಮನೆ ಕಳೆದುಕೊಂಡವರಿಗೆ ನವನಗರ ಕಟ್ಟಿದರು. ಜಲಾಶಯ ತುಂಬಿದರೆ ನೀರಿನ ಮಟ್ಟ 519.60 ಮೀಟರ್. ಇದು ನಮ್ಮೂರಿನ ಮಕ್ಕಳಿಗೂ ಬಾಯಿಪಾಠ. ನಮ್ಮ ಸಿನಿಮಾದಲ್ಲಿ ಒಂದು ಕುಟುಂಬ ಸಾಮಾನು ಹೇರಿಕೊಂಡು ನವನಗರಕ್ಕೆ ಬರುತ್ತದೆ. ಆಯಿಯೂ ಬಂದಿದ್ದಾಳೆ. ಆದರೆ ಅಮಾಸಿ ರಾತ್ರಿ ಹಿನ್ನೀರಿನ ಕಡೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ, ಮತ್ತು ಆ ಬಡಿತ ಆಯಿಯದೇ. ಹಾಗಾದರೆ ಈ ಮನೆಯಲ್ಲಿ ಕೂತವಳು ಯಾರು? ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ನನಗ ಚಿತ್ರ ಅಷ್ಟೊಂದು ಬರೂದಿಲ್ಲ. ನಾನೂ ಮಾಡಬಹುದೇನ್ರಿ?

ಬಿಂದಿಗೆ, ಬಾಗಿಲು, ಕೂತ ಮನುಷ್ಯ. ಈ ಮೂರು ಗುರುತು ಸಿಗುವ ಹಾಗೆ ಬಂದರೆ ಸಾಕು. ಬಹಳ ಚೆಂದ ಬಿಡಿಸುವವರಿಗೇ ಇದರಲ್ಲಿ ಕಷ್ಟ, ಯಾಕಂದರೆ ಅವರಿಗೆ ಒಂದೊಂದು ಚಿತ್ರವನ್ನೂ ಮುಗಿಸುವ ಚಟ ಇರುತ್ತದೆ. ಒಂದು ಸೆಕೆಂಡಿನ ಹನ್ನೆರಡನೇ ಒಂದು ಭಾಗ ಕಾಣುವ ಚಿತ್ರಕ್ಕೆ ಉಗುರು ಬಿಡಿಸುತ್ತ ಕೂತರೆ ಈ ಜನ್ಮದಲ್ಲಿ ಮುಗಿಯುವುದಿಲ್ಲ.

ಒಂದು ನಿಮಿಷಕ್ಕ ಎಷ್ಟು ಚಿತ್ರ ಬೇಕಾಕ್ಕಾವು?

ಸಿನಿಮಾ ಸೆಕೆಂಡಿಗೆ 24 ಫ್ರೇಮು, ಅಂದರೆ ಪರದೆಯ ಮೇಲೆ 24 ನಿಂತ ಚಿತ್ರ, ಓಡುತ್ತದೆ. ಒಂದೊಂದು ಚಿತ್ರವನ್ನು ಎರಡು ಫ್ರೇಮು ಹಿಡಿದು ತೋರಿಸಿದರೆ ಸೆಕೆಂಡಿಗೆ 12 ಚಿತ್ರ, ನಿಮಿಷಕ್ಕೆ 720. ಕೈಚಿತ್ರದ ಸಿನಿಮಾ ಬಹುಪಾಲು ನಡೆಯುವುದು ಈ ಲೆಕ್ಕದಲ್ಲೇ. ಮೂರು ಫ್ರೇಮು ಹಿಡಿದರೆ ನಿಮಿಷಕ್ಕೆ 480. ಚಲನೆ ಸ್ವಲ್ಪ ಕುಂಟುತ್ತದೆ, ದೆವ್ವದ ಸಿನಿಮಾಕ್ಕೆ ಆ ಕುಂಟು ಕೆಲವೊಮ್ಮೆ ಲಾಭವೇ.

ಎಂಟು ನಿಮಿಷಕ್ಕೆ ಕಾಗದದ ಮೇಲಿನ ಲೆಕ್ಕ 5760 ಚಿತ್ರ ಆಗಬೇಕಿತ್ತು. ನಾವು ಬಿಡಿಸಿದ್ದು 2100ರ ಆಸುಪಾಸು. ಉಳಿದದ್ದನ್ನು ನಿಂತ ಚಿತ್ರ, ಮರಳಿ ಮರಳಿ ಓಡುವ ಸುತ್ತು, ಮತ್ತು ಒಂದೇ ದೊಡ್ಡ ಚಿತ್ರದ ಮೇಲೆ ಮೆಲ್ಲಗೆ ಸರಿಯುವ ಕ್ಯಾಮೆರಾ ತುಂಬಿದವು. ಇದನ್ನು ಮೋಸ ಅನ್ನುವವರಿದ್ದಾರೆ. ದೆವ್ವದ ಕಥೆ ಹೇಳುವ ಅಜ್ಜ ಎಲ್ಲಿ ಮಾತು ನಿಲ್ಲಿಸುತ್ತಿದ್ದ ಅಂತ ಅವರು ನೆನಪಿಸಿಕೊಳ್ಳಲಿ.

ಖರ್ಚು ಎಷ್ಟು ಬಂತ್ರಿ?

ಕಾಗದ ಆರು ರೀಮು, ಎ4, 75 ಜಿಎಸ್ಎಂ, ಜೆರಾಕ್ಸ್ ಅಂಗಡಿಯದು. ಇದ್ದಿಲು, ರಬ್ಬರು, ಪೆನ್ಸಿಲು. ಬೆಳಕಿನ ಪೆಟ್ಟಿಗೆಯನ್ನು ಹಳೇ ಕಿಟಕಿ ಗಾಜು ಮತ್ತು ಎಲ್ಇಡಿ ಪಟ್ಟಿಯಿಂದ ಮನೆಯಲ್ಲೇ ಮಾಡಿದ್ದು. ಸಾಫ್ಟ್‌ವೇರ್‌ಗೆ ಒಂದು ರೂಪಾಯಿ ಕೊಟ್ಟಿಲ್ಲ. ಬಣ್ಣ ಮತ್ತು ನೆರಳಿಗೆ ಕ್ರಿಟಾ, ಚಿತ್ರ ಓಡಿಸಲು 2016ರಲ್ಲಿ ಎಲ್ಲರಿಗೂ ಪುಕ್ಕಟೆ ಬಿಟ್ಟ ಓಪನ್‌ಟೂನ್ಜ್, ಜೋಡಣೆಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ. ನಿಜವಾದ ಖರ್ಚು ಹದಿನಾಲ್ಕು ತಿಂಗಳ ಸಂಜೆಗಳು. ನನ್ನ ಹೆಂಡತಿಯ ಲೆಕ್ಕದಲ್ಲಿ ಎರಡು ಬನಶಂಕರಿ ಜಾತ್ರೆಗಳೂ ಸೇರುತ್ತವೆ.

## ಕಾಗದ, ಇದ್ದಿಲು, ಸ್ಕ್ಯಾನು

ಚಿತ್ರ ಒಂದರ ಮ್ಯಾಲೊಂದು ಸರಿ ಕೂಡೂದಿಲ್ರಿ, ಎಲ್ಲಾ ಅಲ್ಲಾಡ್ತೈತಿ. ಏನು ಮಾಡ್ಲಿ?

ಎಲ್ಲ ಕಾಗದಕ್ಕೂ ಒಂದೇ ಜಾಗದಲ್ಲಿ ತೂತು ಬೇಕು, ಆ ತೂತಿಗೆ ಕೂರುವ ಗೂಟ ಬೇಕು. ಸ್ಟುಡಿಯೊಗಳ ಪೆಗ್ ಬಾರು, ಅಂದರೆ ಇಂಥ ಗೂಟದ ಪಟ್ಟಿ, ತುಟ್ಟಿ. ಆಫೀಸಿನಲ್ಲಿ ಫೈಲಿಗೆ ತೂತು ಹಾಕುವ ಎರಡು ರಂಧ್ರದ ಪಂಚ್ ಎಲ್ಲ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತದೆ. ಅದರ ತೂತಿನ ಅಗಲ 6 ಮಿಲಿಮೀಟರ್, ನಡುವಿನ ಅಂತರ 80 ಮಿಲಿಮೀಟರ್, ಸಾಮಾನ್ಯವಾಗಿ ಇದೇ ಅಳತೆ. ಲೇತ್ ಅಂಗಡಿಯಲ್ಲಿ ಒಂದು ಚಪ್ಪಟೆ ಪಟ್ಟಿಗೆ ಇದೇ ಅಂತರದಲ್ಲಿ ಎರಡು ಗೂಟ ಕೂರಿಸಿಕೊಂಡು ಬನ್ನಿ. ಗೂಟದ ದಪ್ಪ 6ಕ್ಕಿಂತ ಕೂದಲೆಳೆ ಕಡಿಮೆ ಇರಲಿ, ಇಲ್ಲದಿದ್ದರೆ ಕಾಗದ ತೆಗೆಯುವಾಗ ತೂತು ಹರಿಯುತ್ತದೆ.

ತೂತು ಕಾಗದದ ಕೆಳ ಅಂಚಿಗೋ ಮೇಲಿನ ಅಂಚಿಗೋ ಅಂತ ಮೊದಲ ದಿನವೇ ತೀರ್ಮಾನಿಸಿ, ಗೋಡೆ ಮೇಲೆ ಬರೆದು ಹಚ್ಚಿ. ನಾನು ಹಚ್ಚಲಿಲ್ಲ. ಒಂದು ಭಾನುವಾರ ಹರಟೆ ಹೊಡೆಯುತ್ತ 340 ಹಾಳೆಗೆ ಉಲ್ಟಾ ಅಂಚಿನಲ್ಲಿ ತೂತು ಹಾಕಿ, ಅದರಲ್ಲಿ ಅರ್ಧದ ಮೇಲೆ ಚಿತ್ರವನ್ನೂ ಬಿಡಿಸಿ ಆದ ಮೇಲೆ ಗೊತ್ತಾಯಿತು.

ಪೆನ್ಸಿಲ್ ಚಲೋನೋ, ಇದ್ದಿಲು ಚಲೋನೋ?

ಎರಡಕ್ಕೂ ಬೇರೆ ಬೇರೆ ಕೆಲಸ. ಮನುಷ್ಯರು, ಕೈ, ಮುಖ ಇವಕ್ಕೆ ಪೆನ್ಸಿಲು. ಪ್ರತಿ ಚಿತ್ರಕ್ಕೆ ಹೊಸ ಹಾಳೆ, ಕೆಳಗಿಂದ ಬೆಳಕು, ಹಿಂದಿನ ಚಿತ್ರ ನೋಡುತ್ತ ಮುಂದಿನದು.

ಇದ್ದಿಲಿನದು ಪೂರಾ ಬೇರೆ ದಾರಿ. ಒಂದೇ ದಪ್ಪ ಹಾಳೆ, ಮೇಲೆ ಅಲ್ಲಾಡದ ಹಾಗೆ ಕಟ್ಟಿದ ಕ್ಯಾಮೆರಾ. ಬಿಡಿಸಿ ಫೋಟೊ ತೆಗೆ, ಸ್ವಲ್ಪ ಅಳಿಸು, ಪಕ್ಕಕ್ಕೆ ಬಿಡಿಸು, ಮತ್ತೆ ಫೋಟೊ. ಇದ್ದಿಲು ಎಂದೂ ಪೂರ್ತಿ ಅಳಿಯುವುದಿಲ್ಲ. ನಡೆದು ಹೋದವನ ಹಿಂದೆ ಅವನು ಇದ್ದ ಜಾಗಗಳೆಲ್ಲ ಬೂದಿ ಬಣ್ಣದಲ್ಲಿ ಉಳಿಯುತ್ತವೆ. ಮುಳುಗಿದ ಮನೆಯ ದೃಶ್ಯಗಳನ್ನೆಲ್ಲ ನಾವು ಹೀಗೇ ಮಾಡಿದ್ದು. ಅಲ್ಲಿ ಓಡಾಡಿದವರ ಕಲೆ ಗೋಡೆ ಮೇಲೆ ಉಳಿಯಲಿ ಅಂತ. ತೊಂದರೆ ಏನಂದರೆ ತಪ್ಪಿದರೆ ಹಿಂದಕ್ಕೆ ಹೋಗಲು ಬರುವುದಿಲ್ಲ. ಹಿಂದಿನ ಚಿತ್ರವನ್ನು ನೀವೇ ಅಳಿಸಿರುತ್ತೀರಿ.

ರಾತ್ರಿ ಸೀನಿಗೆ ಹಾಳಿ ತುಂಬ ಕರ್ರಗ ತಿಕ್ಕೂದಂದ್ರ ಕೈ ಬಿದ್ದು ಹೋಗೂದಿಲ್ಲೇನ್ರಿ?

ತಿಕ್ಕಲೇಬೇಡಿ. ಬಿಳಿ ಹಾಳೆಯ ಮೇಲೆ ಕಪ್ಪಿನಲ್ಲಿ ಬಿಡಿಸಿ, ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಇನ್ವರ್ಟ್ ಒತ್ತಿ. ಹಾಳೆ ಕತ್ತಲೆ ಆಗುತ್ತದೆ, ಗೆರೆ ಬೆಳಕಾಗುತ್ತದೆ. ಬೆರಳಿನಿಂದ ಉಜ್ಜಿದ ಇದ್ದಿಲಿನ ಹೊಗೆ ತಿರುಗಿ ಮಂಜಾಗುತ್ತದೆ. ಬಿಡಿಸುವಾಗ ಮಾತ್ರ ತಲೆ ಉಲ್ಟಾ ಓಡಬೇಕು. ಎಲ್ಲಿ ಬೆಳಕು ಬೀಳಬೇಕೋ ಅಲ್ಲಿ ಕಪ್ಪು ಹಚ್ಚಬೇಕು, ಕಣ್ಣ ಪಾಪೆ ಬಿಳಿ ಬಿಡಬೇಕು. ಒಂದು ವಾರದಲ್ಲಿ ರೂಢಿಯಾಗುತ್ತದೆ. ಸ್ಲೇಟಿನ ಮೇಲೆ ಬಳಪ ಹಿಡಿದು ಬೆಳೆದವರಿಗೆ ಇನ್ನೂ ಬೇಗ.

ನಮ್ಮ ಬ್ಯಾಸಗಿ ಒಳಗ ಇದ್ದಿಲು ಕೆಲಸ ಹೆಂಗ ಮಾಡ್ತೀರಿ?

ಬೆಳಿಗ್ಗೆ ಐದರಿಂದ ಎಂಟು. ಆಮೇಲೆ ಫ್ಯಾನ್ ಹಾಕಿದರೆ ಹಾಳೆ ಹಾರುತ್ತದೆ, ಹಾಕದಿದ್ದರೆ ಬೆವರಿನ ಕೈ ಚಿತ್ರ ಒರೆಸುತ್ತದೆ. ಕೈ ಕೆಳಗೆ ಒಂದು ಬಿಡಿ ಹಾಳೆ ಇಟ್ಟುಕೊಳ್ಳಿ. ಮಳೆಗಾಲದ ಕಾಟ ಬೇರೆ: ಕಾಗದ ತೇವ ಹೀರಿ ಹಿಗ್ಗುತ್ತದೆ, ಮೇ ತಿಂಗಳ ಹಾಳೆಯ ಮೇಲೆ ಜುಲೈ ಹಾಳೆ ಸರಿ ಕೂರುವುದಿಲ್ಲ. ಒಂದು ದೃಶ್ಯ ಶುರು ಮಾಡಿದರೆ ಅದೇ ಋತುವಿನಲ್ಲಿ ಮುಗಿಸಿ.

ಸ್ಕ್ಯಾನ್ ಮಾಡೂದೋ, ಮೊಬೈಲ್‌ನ್ಯಾಗ ಫೋಟೊ ಹೊಡಿಯೂದೋ?

ಹೊಸ ಹೊಸ ಹಾಳೆಯ ಚಿತ್ರಕ್ಕೆ ಸ್ಕ್ಯಾನರ್. ಎ4 ಹಾಳೆಯ ಉದ್ದ 297 ಮಿಲಿಮೀಟರ್. ಅದನ್ನು 150 ಡಿಪಿಐನಲ್ಲಿ (ಇಂಚಿಗೆ 150 ಚುಕ್ಕಿ) ಸ್ಕ್ಯಾನ್ ಮಾಡಿದರೆ 1754 ಪಿಕ್ಸೆಲ್ ಮಾತ್ರ ಬರುತ್ತದೆ, ಎಚ್‌ಡಿ ಪರದೆಗೆ ಬೇಕಾದ 1920ಕ್ಕೂ ಸಾಲದು. 200 ಕನಿಷ್ಠ. ಚಿತ್ರದೊಳಕ್ಕೆ ಕ್ಯಾಮೆರಾ ನುಗ್ಗುವ ಹಾಗಿದ್ದರೆ 300 ಇಡಿ, ಆಗ 3508 ಪಿಕ್ಸೆಲ್ ಸಿಗುತ್ತದೆ. ಚೌಕಟ್ಟನ್ನು 270 ಮಿಲಿಮೀಟರ್ ಅಗಲ, 152 ಎತ್ತರ ಹಾಕಿಕೊಂಡರೆ ಅಗಲ ಪರದೆಯ ಅಳತೆಗೆ ಸರಿ ಹೋಗುತ್ತದೆ, ತೂತಿಗೂ ಜಾಗ ಉಳಿಯುತ್ತದೆ.

ಸ್ಕ್ಯಾನರಿನ ಅಂಚಿಗೂ ಒಂದು ಗೂಟದ ಪಟ್ಟಿ ಅಂಟಿಸಿ. ಮತ್ತು ಹಾಳೆಯನ್ನು ತಾನೇ ಕತ್ತರಿಸಿ ತಾನೇ ನೆಟ್ಟಗೆ ಮಾಡುವ ಸೌಲಭ್ಯವನ್ನು ಆಫ್ ಮಾಡಿ. ನಾವು ಮೊದಲ 200 ಹಾಳೆಯನ್ನು ಒಂದು ಅಂಗಡಿಗೆ ಕೊಟ್ಟಿದ್ದೆವು. ಅವರ ಯಂತ್ರ ಪ್ರತಿ ಹಾಳೆಯನ್ನೂ ತನಗೆ ತೋಚಿದ ಹಾಗೆ ನೆಟ್ಟಗೆ ಮಾಡಿಕೊಟ್ಟಿತು. ಓಡಿಸಿ ನೋಡಿದರೆ ಮನೆಗೆ ಮನೆಯೇ ಭೂಕಂಪ ಆದ ಹಾಗೆ ಕುಣಿಯಿತು. ಪಾಪ ಅವರದೇನೂ ತಪ್ಪಿಲ್ಲ, ಆಧಾರ್ ಕಾರ್ಡಿಗೆ ಅದೇ ಬೇಕು.

ಅಳಿಸಿ ಬಿಡಿಸುವ ಇದ್ದಿಲು ಕೆಲಸಕ್ಕೆ ಮೊಬೈಲೋ ಕ್ಯಾಮೆರಾವೋ ಬೇಕೇ ಬೇಕು. ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬೆಳಕಿನ ಪ್ರಮಾಣ, ಚಿತ್ರದ ಸ್ಪಷ್ಟತೆ, ಬಣ್ಣದ ಛಾಯೆ) ಮೂರನ್ನೂ ಲಾಕ್ ಮಾಡಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ದೀಪ ಸೆಕೆಂಡಿಗೆ ನೂರು ಸಲ ಮಿಣಕುತ್ತದೆ. ಶಟರ್ 1/50 ಅಥವಾ 1/100 ಸೆಕೆಂಡು ಇಟ್ಟರೆ ಆ ಮಿಣುಕು ಚಿತ್ರದಲ್ಲಿ ಬರುವುದಿಲ್ಲ. ಕಿಟಕಿಗೆ ಕಂಬಳಿ ಹೊದಿಸಿ. ಒಂದು ಮೋಡ ಹಾದು ಹೋದರೂ ಎರಡು ಗಂಟೆಯ ಕೆಲಸ ಹಾಳಾಗುತ್ತದೆ.

ಹಿಂದಿನ ಮನಿ, ಬಯಲು, ನೀರು ಬಿಡಸಾಕ ಏನು ನೋಡಿ ಕಲೀಬೇಕು?

ನಾಟಕ ಕಂಪನಿಯ ಪರದೆಗಳನ್ನು. ಬಾದಾಮಿ ಹತ್ತಿರ ಬನಶಂಕರಿ ಜಾತ್ರೆಯಲ್ಲಿ ಡೇರೆ ಹಾಕುವ ಕಂಪನಿಗಳ ರಸ್ತೆ ಪರದೆ, ಕಾಡಿನ ಪರದೆ ನೋಡಿಯೇ ನಾನು ಚಿತ್ರ ಕಲಿಯಲು ಹೋದವ. ಹಿಂದೆ ಒಂದು ಪರದೆ, ಅದರ ಮುಂದೆ ಎರಡು ಬದಿಗೆ ಸೈಡ್ ವಿಂಗು, ನಡುವೆ ಪಾತ್ರಧಾರಿ. ಇದನ್ನೇ ಮೂರು ಹಾಳೆಯಲ್ಲಿ ಬಿಡಿಸಿ, ಹಿಂದಿನದನ್ನು ನಿಧಾನ, ಮುಂದಿನದನ್ನು ಜೋರು ಸರಿಸಿದರೆ ಆಳ ತಾನೇ ಹುಟ್ಟುತ್ತದೆ.

## ಅಂಜಿಕೆ ಎಲ್ಲಿಂದ ಬರುತ್ತದೆ

ದೆವ್ವ ನೋಡಾಕ ಹೆಂಗಿರಬೇಕ್ರಿ?

ಬಾಗಿಲಿಗೆ 'ನಾಳೆ ಬಾ' ಅಂತ ಬರೆದ ದಿನಗಳು ನೆನಪಿವೆಯೇ? ಆಗ ಹೊರಗೆ ನಿಂತವಳು ಹೇಗಿದ್ದಾಳೆ ಅಂತ ಯಾರೂ ಹೇಳುತ್ತಿರಲಿಲ್ಲ. ಹೇಳುತ್ತಿದ್ದದ್ದು ಒಂದೇ, ಅವಳು ನಿಮ್ಮವರದೇ ದನಿಯಲ್ಲಿ ಕರೆಯುತ್ತಾಳೆ. ಅಷ್ಟಕ್ಕೇ ಊರಿಗೆ ಊರು ಸುಣ್ಣದ ಬಳಪ ಹಿಡಿಯಿತು. ನಮ್ಮ ಮೊದಲ ಕರಡಿನಲ್ಲಿ ಕೆಂಪು ಕಣ್ಣು, ಕೆದರಿದ ಕೂದಲು, ತಿರುಗಿದ ಪಾದ ಎಲ್ಲ ಇತ್ತು. ನನ್ನ ಎಂಟನೇ ತರಗತಿ ಹುಡುಗರು ನೋಡಿ ನಕ್ಕರು. ಎಲ್ಲ ತೆಗೆದೆವು. ಈಗ ಸಿನಿಮಾದಲ್ಲಿ ದೆವ್ವದ್ದು ಅಂತ ಒಂದೂ ಚಿತ್ರ ಇಲ್ಲ. ಇರುವುದು ಆಯಿ ಮಾತ್ರ, ಮತ್ತು ಅವಳ ಸುತ್ತ ಸ್ವಲ್ಪ ತಪ್ಪಿದ ಸಂಗತಿಗಳು.

ಆಯಿ ಸುಮ್ನ ಕುಂತಿದ್ರೂ ಮೈ ಜುಮ್ ಅಂತೈತಿ. ಅದು ಯಾಕ?

ಇದು ಈ ಕೆಲಸದ ಗುಟ್ಟು, ಆದರೂ ಹೇಳುತ್ತೇನೆ. ಒಂದೇ ಚಿತ್ರವನ್ನು ಮೂರು ಸಲ ನಕಲು ಮಾಡಿ ಓಡಿಸಿದರೆ ಗೆರೆ ಸಣ್ಣಗೆ ನಡುಗುತ್ತದೆ, ಯಾಕಂದರೆ ಯಾರ ಕೈಯೂ ಒಂದೇ ಗೆರೆಯನ್ನು ಎರಡು ಸಲ ಎಳೆಯಲಾರದು. ನಾವು ಇದಕ್ಕೆ ಗೆರೆ ಕುದಿಯೋದು ಅನ್ನುತ್ತೇವೆ. ನೋಡುವವರಿಗೆ ಅದು ಉಸಿರಾಟದ ಹಾಗೆ ಕಾಣುತ್ತದೆ. ರೂಢಿಯಲ್ಲಿ ಮನುಷ್ಯರ ಗೆರೆ ಕುದಿಯುತ್ತದೆ, ಹಿನ್ನೆಲೆ ನಿಂತಿರುತ್ತದೆ.

ನಾವು ಇದನ್ನು ಉಲ್ಟಾ ಮಾಡಿದೆವು. ಗೋಡೆ, ಗೂಡು, ಚಿಮಣಿ ಬುಡ್ಡಿ, ನೇತು ಹಾಕಿದ ಬುಟ್ಟಿ ಎಲ್ಲವನ್ನೂ ಮೂರು ಮೂರು ಸಲ ಬಿಡಿಸಿ ಕುದಿಸಿದೆವು. ಆಯಿಯದು ಒಂದೇ ಚಿತ್ರ. ಸುತ್ತ ಇರುವ ಜೀವವಿಲ್ಲದ್ದೆಲ್ಲ ಉಸಿರಾಡುತ್ತಿದೆ, ನಡುವೆ ಕೂತ ಮನುಷ್ಯಳು ಕಲ್ಲು. ಏನು ತಪ್ಪಿದೆ ಅಂತ ನೋಡುವವರಿಗೆ ಹೇಳಲು ಬರುವುದಿಲ್ಲ. ಒಬ್ಬ ಸಣ್ಣ ಹುಡುಗಿ ಮಾತ್ರ, 'ಆಯಿ ಫೋಟೊ ಆಗ್ಯಾಳ' ಅಂದಳು.

ಮೂರು ನಕಲನ್ನು 1-2-3, 1-2-3 ಅಂತ ಓಡಿಸಬೇಡಿ, ಕಣ್ಣು ಆ ತಾಳವನ್ನು ಹಿಡಿದುಬಿಡುತ್ತದೆ. 1-3-2-1-2-3 ಹೀಗೆ ಕೆಡಿಸಿ. ಒಂದೊಂದನ್ನು ಮೂರೋ ನಾಲ್ಕೋ ಫ್ರೇಮು ಹಿಡಿದರೆ ಸಣ್ಣ ಉರಿಯ ಕುದಿ, ಎರಡೇ ಹಿಡಿದರೆ ಎಸರು ಉಕ್ಕಿದ ಹಾಗೆ.

ಆ ರೊಟ್ಟಿ ಬಡಿಯೂ ಸೀನು ಹೆಂಗ ಮಾಡಿದ್ರಿ?

ಹೆಚ್ಚು ಜನ ಕೇಳುವುದು ಇದನ್ನೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ದೃಶ್ಯ 14 ಸೆಕೆಂಡ್. ಮುಖ ಕಾಣುವುದಿಲ್ಲ. ರೊಟ್ಟಿಕಲ್ಲು, ಎರಡು ಕೈ, ಹಿಟ್ಟು, ಹಿಂದೆ ಗೋಡೆ, ಗೋಡೆ ಮೇಲೆ ಬುಡ್ಡಿ ದೀಪದಿಂದ ಬಿದ್ದ ಕೈಯ ನೆರಳು.

ಮೊದಲು ನನ್ನ ಅವ್ವನನ್ನು ಕೂರಿಸಿ ಮೊಬೈಲಿನಲ್ಲಿ ಚಿತ್ರಿಸಿಕೊಂಡೆ. ಆಗ ಗೊತ್ತಾಯಿತು: ಜೋಳದ ರೊಟ್ಟಿ ಬಡಿಯುವ ಕೈ ಬರೀ ಮೇಲೆ ಕೆಳಗೆ ಹೋಗುವುದಿಲ್ಲ. ಬಿದ್ದ ಅಂಗೈ ಏಳುವಾಗ ರೊಟ್ಟಿಯನ್ನು ಒಂದಿಷ್ಟು ತಿರುಗಿಸಿಕೊಂಡೇ ಏಳುತ್ತದೆ. ಆ ತಿರುಗು ಬಿಟ್ಟರೆ ಕೈ ಹಲಗಿ ಬಾರಿಸಿದ ಹಾಗೆ ಕಾಣುತ್ತದೆ. ಒಂದು ಬಡಿತಕ್ಕೆ 6 ಚಿತ್ರ, ಎರಡೆರಡು ಫ್ರೇಮಿನಂತೆ 12 ಫ್ರೇಮು, ಅಂದರೆ ಅರ್ಧ ಸೆಕೆಂಡು. ಕೈಯ ಪದರ 6 ಚಿತ್ರ, ಅದೇ ಸುತ್ತು. ನೆರಳಿನ ಪದರ ಬೇರೆ, ಅದೂ 6. ರೊಟ್ಟಿ ಅಗಲವಾಗುತ್ತ ಹೋಗಲು 16. ಗೋಡೆ ಒಂದು. ಒಟ್ಟು 29 ಹಾಳೆ. ಇದೇ ದೃಶ್ಯವನ್ನು ಬಿಡಿ ಬಿಡಿಯಾಗಿ ಬಿಡಿಸಿದ್ದರೆ 168 ಆಗುತ್ತಿತ್ತು.

ಈಗ ಆಟ ಶುರು. ಮೊದಲ ಹತ್ತು ಬಡಿತ ಕೈ ಮತ್ತು ನೆರಳು ಒಟ್ಟಿಗೆ ಬೀಳುತ್ತವೆ. ಹನ್ನೊಂದನೆಯದರಿಂದ ನೆರಳನ್ನು ಒಂದು ಚಿತ್ರ ತಡ ಮಾಡಿದೆವು, ಎರಡು ಫ್ರೇಮು. ಯಾರಿಗೂ ಕಾಣುವುದಿಲ್ಲ. ಹದಿನೈದರಿಂದ ನಾಲ್ಕು ಫ್ರೇಮು ತಡ. ಇಲ್ಲಿ ಜನ ಕೂತಲ್ಲೇ ಸ್ವಲ್ಪ ಅಲುಗುತ್ತಾರೆ, ಯಾಕಂತ ಗೊತ್ತಿರುವುದಿಲ್ಲ. ಇಲ್ಲಿಯವರೆಗೆ ಸದ್ದು ಕೈಯ ಜೊತೆಗಿತ್ತು. ಇಲ್ಲಿಂದ ಸದ್ದನ್ನು ನೆರಳಿನ ಜೊತೆ ಕಟ್ಟಿದೆವು. ಕೊನೆಗೆ ಕೈ ನಿಲ್ಲುತ್ತದೆ. ನೆರಳು ಇನ್ನೂ ಎರಡು ಬಡಿತ ಬಡಿಯುತ್ತದೆ. ಟಪ್, ಟಪ್. ಅಷ್ಟೇ.

ಹೊಸ ಚಿತ್ರ ಒಂದನ್ನೂ ಬಿಡಿಸದೆ, ಒಂದು ಪದರವನ್ನು ಪಕ್ಕಕ್ಕೆ ಸರಿಸಿ ಆದ ಕೆಲಸ ಇದು. ಅದಕ್ಕೇ ಹೊಸಬರಿಗೆ ಹೇಳುತ್ತೇನೆ, ನೆರಳನ್ನು ಎಂದೂ ಕೈಯ ಜೊತೆ ಒಂದೇ ಹಾಳೆಯಲ್ಲಿ ಬಿಡಿಸಬೇಡಿ.

ದೆವ್ವ ನಡಿಯೂದು, ತಿರುಗಿ ನೋಡೂದು ಹೆಂಗ ಬಿಡಸ್ಬೇಕು?

ಜೀವ ಇರುವ ಯಾವುದೂ ಒಂದೇ ವೇಗದಲ್ಲಿ ಚಲಿಸುವುದಿಲ್ಲ. ತಲೆ ತಿರುಗುವಾಗ ಶುರುವಿಗೆ ನಿಧಾನ, ನಡುವೆ ಬೇಗ, ನಿಲ್ಲುವಾಗ ಮತ್ತೆ ನಿಧಾನ. ಚಿತ್ರಗಳ ನಡುವಿನ ಅಂತರ ಆ ಲೆಕ್ಕಕ್ಕೆ ಹತ್ತಿರ, ದೂರ, ಹತ್ತಿರ ಇರುತ್ತದೆ. ತಿರುಗುವ ಮೊದಲು ಕಣ್ಣು ಮಿಟುಕುತ್ತದೆ, ಹೆಗಲು ಅಲುಗುತ್ತದೆ. ಇದೆಲ್ಲ ತೆಗೆದುಹಾಕಿ. ಅಂತರ ಎಲ್ಲ ಸಮ ಇಡಿ, ಶುರುವಿಗೆ ಸುಳಿವು ಕೊಡಬೇಡಿ, ನಿಂತಾಗ ಗಕ್ಕನೆ ನಿಲ್ಲಿಸಿ. ನಡಿಗೆಗೆ ಪಾದ ತೋರಿಸಬೇಡಿ, ಸೀರೆಯ ನಿರಿಗೆ ಮುಚ್ಚಲಿ. ನಡೆಯುವವರ ತಲೆ ಮೇಲೆ ಕೆಳಗೆ ಆಗುತ್ತಿರುತ್ತದೆ, ಅವಳದು ಆಗಬಾರದು.

ಇಳಕಲ್ ಸೀರಿ ಸೆರಗು ಪ್ರತಿ ಚಿತ್ರದಾಗೂ ಬಿಡಿಸಿರೇನ್ರಿ? ಹುಚ್ಚ ಹಿಡೀಲಿಲ್ಲೇನು?

ಇಲ್ಲ. ಟೋಪ್ ತೆನಿ ಸೆರಗಿನ ವಿನ್ಯಾಸವನ್ನು ಒಂದೇ ಸಲ ದೊಡ್ಡ ಹಾಳೆಯಲ್ಲಿ ಬಿಡಿಸಿ, ಸೆರಗಿನ ಆಕಾರದೊಳಗೆ ಮಾತ್ರ ಕಾಣುವ ಹಾಗೆ ಹಿಂದೆ ಇಟ್ಟೆವು. ಸೆರಗು ಗಾಳಿಗೆ ಹಾರಾಡುತ್ತದೆ, ವಿನ್ಯಾಸ ನಿಂತಲ್ಲೇ ನಿಂತಿರುತ್ತದೆ, ಸೆರಗು ಒಂದು ಕಿಟಕಿ ಇದ್ದ ಹಾಗೆ. ಹುಚ್ಚು ಹಿಡಿಯಬೇಕಾದದ್ದು ನೋಡುವವರಿಗೆ.

ಒಮ್ಮಿಗಲೇ ಚೀರಿ ಎದಿ ಝಲ್ ಅನಿಸೂದು ಒಂದೂ ಯಾಕ ಹಾಕಿಲ್ಲ?

ಒಂದು ಹಾಕಿದ್ದೆವು, ತೆಗೆದೆವು. ಅದು ಪಟಾಕಿ. ಢಂ ಅಂದಾಗ ಎಮ್ಮೆಯೂ ಬೆದರುತ್ತದೆ, ಅದಕ್ಕೆ ಚಿತ್ರಕಾರ ಯಾಕೆ ಬೇಕು?

## ಸದ್ದು, ಮಾತು

ಸೌಂಡ್ ಗೋಳಗುಮ್ಮಟದಾಗ ರೆಕಾರ್ಡ್ ಮಾಡೀರಂತಲ್ಲ, ಖರೇ ಏನು?

ಸುಳ್ಳು. ವಿಜಯಪುರದ ಗೆಳೆಯರು ಹಬ್ಬಿಸಿದ ಸುದ್ದಿ. 1656ರಲ್ಲಿ ಮುಗಿದ ಆ ಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಈ ಬದಿ ಉಸುರಿದ್ದು ಆ ಬದಿ ಕಿವಿಗೆ ಬೀಳುವುದು ಖರೇ. ಆದರೆ ಬಾಗಿಲು ತೆರೆದ ಐದು ನಿಮಿಷಕ್ಕೆ ಶಾಲೆಯ ಮಕ್ಕಳು ಮೇಲೆ ಹತ್ತಿ ಸಿಳ್ಳೆ ಹೊಡೆಯಲು ಶುರು ಮಾಡುತ್ತಾರೆ. ಅದೂ ಅಲ್ಲದೆ ಅದು ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಸಿನಿಮಾ ಕೆಲಸ ಅಂದರೆ ಅನುಮತಿ ಬೇಕು.

ನಾವು ಮಾಡಿದ್ದು ಸಣ್ಣ ಉಪಾಯ. ಪರಿಚಯದವರ ಹೊಲದಲ್ಲಿ ಕಲ್ಲು ಕಟ್ಟಿದ ಒಂದು ಹಳೇ ಬಾವಿ ಇದೆ. ಕೆಳಗಿನ ಮೆಟ್ಟಿಲಿನಲ್ಲಿ ಬಲೂನು ಒಡೆದು, ಮೇಲೆ ನಿಂತು ಆ ಸದ್ದು ಮತ್ತು ಅದರ ಮಾರ್ದನಿ ಪೂರ್ತಿ ಆರುವ ತನಕ ರೆಕಾರ್ಡ್ ಮಾಡಿಕೊಂಡೆವು. ಕನ್ವಲ್ಯೂಷನ್ ರಿವರ್ಬ್ ಅನ್ನುವ ಸಾಧನಕ್ಕೆ ಅದನ್ನು ಕೊಟ್ಟರೆ ಯಾವ ಸದ್ದನ್ನಾದರೂ ಆ ಬಾವಿಯೊಳಗೆ ಆದ ಹಾಗೆ ಕೇಳಿಸುತ್ತದೆ. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿದಳು, ಸಿನಿಮಾದಲ್ಲಿ ಅದು ನೀರಿನ ಕೆಳಗಿನ ಮನೆಯಿಂದ ಬಂತು. ಬಲೂನು ಒಡೆಯುವ ಮೊದಲು ಪಾರಿವಾಳ ಇವೆಯೋ ನೋಡಿಕೊಳ್ಳಿ, ನಮ್ಮ ಮೊದಲ ಮೂರು ರೆಕಾರ್ಡಿಂಗ್ ತುಂಬ ಬರೀ ರೆಕ್ಕೆ ಸದ್ದು.

ಮಾತಿಗೆ ತುಟಿ ಕೂಡಿಸೂದು ಭಾಳ ತ್ರಾಸೇನು?

ಆರು ಬಾಯಿ ಸಾಕು. ಪ, ಬ, ಮ ಅಕ್ಷರಗಳಿಗೆ ಮುಚ್ಚಿದ್ದು, ಆಕ್ಕೆ ತೆರೆದದ್ದು, ಇ-ಈಗೆ ಅಗಲ, ಉ-ಒಗೆ ಗುಂಡು, ವ-ಫಗಳಿಗೆ ಹಲ್ಲು ತುಟಿ ಕೂಡಿದ್ದು, ಉಳಿದದ್ದಕ್ಕೆಲ್ಲ ಅರ್ಧ ತೆರೆದ ಒಂದು. ತುಟಿ ಸದ್ದಿಗಿಂತ ಒಂದೆರಡು ಫ್ರೇಮು ಮೊದಲೇ ಮುಚ್ಚಿದರೆ ಸರಿ ಕಾಣುತ್ತದೆ. ಇನ್ನೂ ಸುಲಭ ದಾರಿ ಅಂದರೆ ಆಯಿ ಸೆರಗು ಬಾಯಿಗೆ ಹಿಡಿದು ಮಾತಾಡುವುದು. ನಮ್ಮ ಹಿರಿಯ ಹೆಣ್ಣುಮಕ್ಕಳು ಹಾಗೇ ಮಾತಾಡುತ್ತಿದ್ದರು, ನಮಗೆ 90 ಚಿತ್ರ ಉಳಿಯಿತು.

## ಮುಗಿದ ಮೇಲಿನ ಪ್ರಶ್ನೆಗಳು

ನಾ ಮಾಡಿದ್ದು ಕಂಪ್ಯೂಟರ್‌ನ್ಯಾಗ ಚಂದ ಅದ, ಮೊಬೈಲ್‌ನ್ಯಾಗ ಬರೇ ಕತ್ತಲಿ ಕಾಣಸ್ತದ. ಯಾಕ್ರಿ?

ನೀವು ಕತ್ತಲೆ ಕೋಣೆಯಲ್ಲಿ ಕೂತು ಬಣ್ಣ ತಿದ್ದಿದ್ದೀರಿ, ಜನ ಬಸ್ಸಿನ ಕಿಟಕಿ ಪಕ್ಕ ಕೂತು ನೋಡುತ್ತಿದ್ದಾರೆ. ಕಡಿಮೆ ಬೆಲೆಯ ಒಂದು ಮೊಬೈಲಿನಲ್ಲಿ ಮಧ್ಯಾಹ್ನ ಅಂಗಳದಲ್ಲಿ ನಿಂತು ನೋಡಿ, ಕಾಣದ್ದರ ಬೆಳಕನ್ನು ಎತ್ತಿ. ಇನ್ನೊಂದು ತೊಂದರೆ, ವಿಡಿಯೊವನ್ನು ಹಿಂಡಿ ಸಣ್ಣದು ಮಾಡುವಾಗ ಕಪ್ಪಿನಿಂದ ಬೂದಿಗೆ ಮೆಲ್ಲಗೆ ಇಳಿಯುವ ಜಾಗದಲ್ಲಿ ಪಟ್ಟೆ ಪಟ್ಟೆ ಬೀಳುತ್ತವೆ. ನುಣುಪು ಕಾಗದಕ್ಕಿಂತ ಸ್ವಲ್ಪ ಒರಟು ಕಾಗದ ಬಳಸಿದರೆ ಇದ್ದಿಲಿನ ಕಾಳು ಕಾಳೇ ಆ ಪಟ್ಟೆಯನ್ನು ಒಡೆಯುತ್ತದೆ.

ಸೆನ್ಸಾರ್ ಮಾಡಿಸ್ಬೇಕೇನ್ರಿ?

ಥೇಟರಿನಲ್ಲಿ ಸಾರ್ವಜನಿಕವಾಗಿ ತೋರಿಸುವುದಾದರೆ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಪತ್ರ ಬೇಕು, ಎಂಟು ನಿಮಿಷದ್ದಾದರೂ, ಕೈಚಿತ್ರವಾದರೂ. 2023ರ ತಿದ್ದುಪಡಿಯಿಂದ ಯುಎ ಪತ್ರದಲ್ಲಿ 7, 13, 16 ವರ್ಷ ಮೇಲ್ಪಟ್ಟವರಿಗೆ ಅಂತ ಮೂರು ದರ್ಜೆ ಆಗಿವೆ. ಯೂಟ್ಯೂಬಿಗೆ ಹಾಕಲು ಈ ಪತ್ರ ಬೇಡ. ಸಾಕ್ಷ್ಯಚಿತ್ರ, ಕಿರುಚಿತ್ರ, ಆನಿಮೇಶನ್‌ಗೇ ಮೀಸಲಾದ ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ 1990ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಕಳಿಸುವವರು ಅದರ ಕಡೆ ಒಂದು ಕಣ್ಣು ಇಡಿ.

ಹಳೇ ಪುಸ್ತಕದಾಗಿನ ದೆವ್ವದ ಕಥಿ ತಗೊಂಡು ಮಾಡಿದ್ರ ನಡಿತೈತೇನು?

ಬರೆದವರು ತೀರಿ 60 ವರ್ಷ ಆಗುವ ತನಕ ಹಕ್ಕು ಅವರ ಮನೆಯವರದು. ಕೇಳಿ, ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಊರವರ ಬಾಯಲ್ಲಿರುವ ಕಥೆಗೆ ಯಾರ ಅಪ್ಪಣೆಯೂ ಬೇಡ. ಆದರೆ ಯಾವುದೋ ನಿಜವಾದ ಮನೆತನದ ಹೆಸರು ಹಿಡಿದು ಅವರ ಮನೆಗೆ ದೆವ್ವ ಹಚ್ಚಬೇಡಿ. ಹಳ್ಳಿಯಲ್ಲಿ ಆ ಹೆಸರು ಮೂರು ತಲೆಮಾರು ಉಳಿಯುತ್ತದೆ.

ಇದರಿಂದ ಮೂಢನಂಬಿಕಿ ಬೆಳಸಿದಂಗ ಆಗೂದಿಲ್ಲೇನು ಮಾಸ್ತರ?

ಪಾಲಕರ ಸಭೆಯಲ್ಲಿ ಒಬ್ಬರು ಎದ್ದು ನಿಂತು ಕೇಳಿದ್ದು. ನ್ಯಾಯದ ಪ್ರಶ್ನೆ. ವಾಮಾಚಾರ, ಅಮಾನವೀಯ ಆಚರಣೆಗಳ ವಿರುದ್ಧ 2017ರಲ್ಲಿ ಕಾಯ್ದೆ ಮಾಡಿದ ರಾಜ್ಯ ನಮ್ಮದು. ನಾವು ಹಾಕಿಕೊಂಡ ಗೆರೆ ಇಷ್ಟು: ಸಿನಿಮಾದಲ್ಲಿ ಮಂತ್ರವಾದಿ ಬಂದು ಬಿಡಿಸುವುದಿಲ್ಲ, ಮೈಮೇಲೆ ಬಂದ ಹೆಣ್ಣುಮಗಳನ್ನು ಯಾರೂ ಹೊಡೆಯುವುದಿಲ್ಲ, ನಿಂಬೆಹಣ್ಣಿಗೆ ಯಾವ ಶಕ್ತಿಯೂ ಇಲ್ಲ. ಅಂಜಿಕೆಯನ್ನು ಕಥೆಯಾಗಿ ಹೇಳಬಹುದು, ಅದಕ್ಕೆ ಔಷಧ ಅಂತ ಮಾರಬಾರದು.

ಈಗ ಎಐ ಐತಲ್ರಿ, ಎರಡು ನಿಮಿಷದಾಗ ಮಾಡಿ ಕೊಡ್ತೈತಿ. ಇಷ್ಟೆಲ್ಲಾ ಯಾಕ?

ಬೇಕಾದವರು ಮಾಡಲಿ. ನಮ್ಮ ಕೆಲಸ ನಿಂತದ್ದು ಕೈ ತಪ್ಪುವುದರ ಮೇಲೆ, ಯಾವುದನ್ನು ತಪ್ಪಲು ಬಿಡಬೇಕು ಅಂತ ಆರಿಸುವುದರ ಮೇಲೆ. ನೆರಳು ನಾಲ್ಕು ಫ್ರೇಮು ತಡ ಆಗಲಿ ಅಂತ ನಮಗೆ ಹೊಳೆದದ್ದೇ ಓಪನ್‌ಟೂನ್ಜ್‌ನಲ್ಲಿ ಪದರವನ್ನು ತಪ್ಪಿ ಎಳೆದಾಗ.

ಸಿನಿಮಾದಾಗಿನ ಆ ಹಳೇ ಮನಿ ಇನ್ನೂ ಐತೇನ್ರಿ? ನೋಡಬಹುದೇನು?

ಸಿನಿಮಾದ ಮನೆ ಮೂರು ನಾಲ್ಕು ಮನೆ ಸೇರಿಸಿ ಬಿಡಿಸಿದ್ದು. ಹಿನ್ನೀರು ಇಳಿದಾಗ ತಳಪಾಯ, ಮೆಟ್ಟಿಲು, ಅರ್ಧ ಗೋಡೆ ಅಲ್ಲಲ್ಲಿ ಕಾಣುತ್ತವೆ. ನಾನು ರೇಖಾಚಿತ್ರ ಮಾಡಿಕೊಂಡದ್ದು ಮೇ ತಿಂಗಳ ಕೊನೆಗೆ. ಮಳೆ ಹತ್ತಿದ ಮೇಲೆ ಹೋಗಿ ಉಪಯೋಗ ಇಲ್ಲ. ಒಣಗಿದ ಹಾಗೆ ಕಾಣುವ ಕರಿ ರಾಡಿ ಮೊಳಕಾಲ ತನಕ ಎಳೆದುಕೊಳ್ಳುತ್ತದೆ, ಕೈಯಲ್ಲಿ ಕೋಲು ಇರಲಿ, ಒಬ್ಬರೇ ಹೋಗಬೇಡಿ. ಅಲ್ಲಿ ಬೆಳೆದ ಹಿರಿಯರನ್ನು ಒಬ್ಬರನ್ನು ಕರೆದೊಯ್ದರೆ ಒಳ್ಳೆಯದು. ನನ್ನ ಜೊತೆ ಬಂದ ಅವ್ವ ಒಂದು ಕಲ್ಲಿನ ಮುಂದೆ ನಿಂತು, ಇದು ನಮ್ಮ ಹಿತ್ತಲ ಬಾಗಿಲ ಹೊಸ್ತಿಲು ಅಂದಳು, ಚಪ್ಪಲಿ ಬಿಟ್ಟು ದಾಟಿದಳು.